ಅಂಕೀಕೃತ ಗ್ರಂಥಗಳ ಕಡತನಾಮಗಳು: ಓದಬೇಕಾದ ಗುರುತುಗಳು

ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅದು 500ಕ್ಕೇರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573 ಆಯಿತು. ಕ್ರಮಸಂಖ್ಯೆಗಳೂ ವ್ಯತ್ಯಾಸಗೊಂಡುದರಿಂದ, ಆವೃತ್ತಿಯನ್ನು ಹೇಳದೆ ಶಾಸನದ ಸಂಖ್ಯೆಯನ್ನಷ್ಟೇ ಕೊಟ್ಟ ಉಲ್ಲೇಖವನ್ನು ಯಾವ ಮಾರ್ಗದರ್ಶಕರೂ ಒಪ್ಪುವುದಿಲ್ಲ. ಆದರೆ ಅಂತರಜಾಲದಿಂದ ಇಳಿಸಿಕೊಂಡ ಗ್ರಂಥಗಳ ವಿಷಯಕ್ಕೆ ಬಂದಾಗ ಈ ಎಚ್ಚರ ಸಡಿಲಗೊಳ್ಳುತ್ತದೆ. ಕಡತದ ಉದ್ದನೆಯ ಹೆಸರು ಅರ್ಥಹೀನವೆಂದು ತೋರಿ, ಸಂಶೋಧಕರು ಅದನ್ನು ಅಳಿಸಿ ತಮಗೆ ಬೇಕಾದ ಹೆಸರಿಟ್ಟುಕೊಳ್ಳುತ್ತಾರೆ. ಅಲ್ಲಿಗೆ ಆಕರದ ಗುರುತೇ ಅಳಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪ್ರಮುಖ ಪಾತ್ರ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯ ಕನ್ನಡ ಗ್ರಂಥಗಳನ್ನೇ ನೋಡಬಹುದು. ಯೋಜನೆಯ ಮೂಲ ತಾಣ ಈಗ ಇಲ್ಲ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಆ ಗ್ರಂಥಗಳು 'ಇನ್.ಅರ್ನೆಟ್.ಡಿಎಲ್‌ಐ.2015' ಎಂದು ಆರಂಭವಾಗಿ ಒಂದು ಸಂಖ್ಯೆಯಿಂದ ಮುಗಿಯುವ ಗುರುತಿನಲ್ಲಿ ಉಳಿದಿವೆ. ಇದರಲ್ಲಿ ಒಗಟೇನೂ ಇಲ್ಲ. ಮೂಲ ತಾಣದ ವಿಳಾಸವನ್ನು ಹಿಂದುಮುಂದಾಗಿ ಬರೆದಿದೆ: ಮೊದಲು ದೇಶ, ಅನಂತರ ಶಿಕ್ಷಣ-ಸಂಶೋಧನ ಜಾಲವಾದ ಅರ್ನೆಟ್, ಬಳಿಕ ಯೋಜನೆಯ ಹೆಸರಿನ ಮೊದಲಕ್ಷರಗಳು. ಕೊನೆಯ ಸಂಖ್ಯೆ ಆ ಪ್ರತಿಗೆ ಮಾತ್ರ ಸಲ್ಲುವುದು. ನಡುವಣ 2015 ಎಂಬುದು ಸಂಗ್ರಹದ ದಾಖಲೆಗಳಿಗೆಲ್ಲ ಸಮಾನವಾದ ಪೂರ್ವಾಂಕವೇ ಹೊರತು ಗ್ರಂಥದ ಪ್ರಕಟಣೆಯ ವರ್ಷವಲ್ಲ. ಅದನ್ನು ಮುದ್ರಣವರ್ಷವೆಂದು ಭಾವಿಸಿದರೆ ಶತಮಾನದ ಹಿಂದಿನ ಗ್ರಂಥವೂ ಇಂದಿನದಾಗಿಬಿಡುತ್ತದೆ.

ಗುರುತನ್ನು ನಂಬಬಹುದು, ಅದರ ಜೊತೆಯಲ್ಲಿರುವ ಶೀರ್ಷಿಕೆಯನ್ನು ಹಾಗೆ ನಂಬಲಾಗದು. ಕನ್ನಡದ ಹೆಸರುಗಳನ್ನು ಅಲ್ಲಿ ರೋಮನ್ ಲಿಪಿಗೆ ತಂದಿದೆ. ಚಿಹ್ನೆಗಳಿಲ್ಲದ ಆ ಲಿಪಿಯಲ್ಲಿ ಬಲೆ, ಬಳೆ, ಬಾಲೆ, ಬಾಳೆ ನಾಲ್ಕೂ ಒಂದೇ. ಹಳಗನ್ನಡದ ಱ, ೞಗಳ ಪಾಡಂತೂ ಹೇಳುವುದೇ ಬೇಡ. ಒಂದು ಕಾಗುಣಿತದಲ್ಲಿ ಹುಡುಕಿ ಸಿಗದ ಕೃತಿ ಇನ್ನೊಂದರಲ್ಲಿ ಸಿಗಬಹುದು. ಆದ್ದರಿಂದ ಒಂದೇ ಹುಡುಕಾಟವನ್ನು ನಂಬಿ 'ಕೃತಿ ಅಲಭ್ಯ' ಎಂದು ಬರೆಯುವುದು ಅವಸರದ ತೀರ್ಮಾನವಾಗುತ್ತದೆ. ಯಂತ್ರ ಓದಿದ ಪಠ್ಯದ ಕಡತಕ್ಕೂ ಇದೇ ಮಾತು ಸಲ್ಲುತ್ತದೆ. ಅನೇಕ ಹಳೆಯ ಕನ್ನಡ ಪ್ರತಿಗಳಲ್ಲಿ ಅದು ಬರಿಯ ಅಕ್ಷರರಾಶಿ. ಅಲ್ಲಿ ಒಂದು ಪದ ಕಾಣಲಿಲ್ಲವೆಂದು ಕವಿ ಅದನ್ನು ಬಳಸಿಲ್ಲವೆನ್ನಲು ಬರುವುದಿಲ್ಲ.

ಇವೆಲ್ಲ ಗ್ರಂಥಪಾಲಕರ ಕೆಲಸವೆಂಬ ಆಕ್ಷೇಪ ವಿಭಾಗಗಳಲ್ಲಿ ಕೇಳಿಬರುವುದುಂಟು. ಓಲೆಗರಿಗಳಿಗೆ ಕ, ಖ, ಗ ಎಂದು ಸಂಕೇತವಿತ್ತು, ಯಾವ ಪ್ರತಿಯಲ್ಲಿ ಯಾವ ಗರಿ ಲುಪ್ತವೆಂದು ಬರೆದಿಟ್ಟವರು ಗ್ರಂಥಸಂಪಾದಕರೇ ಎಂಬುದನ್ನು ಈ ಆಕ್ಷೇಪ ಮರೆಯುತ್ತದೆ. ಒಂದೇ ಪುಸ್ತಕದ ಎರಡು ಅಂಕೀಕೃತ ಪ್ರತಿಗಳಲ್ಲಿ ಒಂದಕ್ಕೆ ಮುಖಪುಟವಿಲ್ಲದಿರಬಹುದು, ಇನ್ನೊಂದರಲ್ಲಿ ನಡುವಣ ಪುಟಗಳು ಬಿಟ್ಟುಹೋಗಿರಬಹುದು. ಪಿಎಚ್.ಡಿ. ಪೂರ್ವ ವ್ಯಾಸಂಗದ ಸಂಶೋಧನ ವಿಧಾನ ಪತ್ರಿಕೆಯಲ್ಲಿ ಹಸ್ತಪ್ರತಿ ಸೂಚಿಗಳ ಜೊತೆಗೆ ಈ ಗುರುತುಗಳ ಓದನ್ನೂ ಸೇರಿಸುವುದು ಕಷ್ಟವಲ್ಲ. ಅಡಿಟಿಪ್ಪಣಿಯಲ್ಲಿ ಮುಖಪುಟದಿಂದ ತೆಗೆದ ಶೀರ್ಷಿಕೆ, ಆವೃತ್ತಿ, ವರ್ಷಗಳೂ, ಬದಲಾಯಿಸದ ಗುರುತೂ, ಲುಪ್ತವಾದ ಪುಟಗಳ ವಿವರವೂ ಇದ್ದರೆ ಮುಂದಿನ ಓದುಗ ಅದೇ ಪ್ರತಿಯನ್ನು ತೆರೆದು ಹೇಳಿಕೆಯನ್ನು ಪರೀಕ್ಷಿಸಬಲ್ಲ.