ಉಭಯ ಕುಶಲೋಪರಿ

ಹಿಂದೆ ನಮ್ಮ ಮನೆಗಳಲ್ಲಿ ಕಾಗದ ಬರೆಯುವ ಕ್ರಮವೊಂದಿತ್ತು. ಮೇಲ್ಗಡೆ ದೇವರ ಹೆಸರು, ಅದರ ಕೆಳಗೆ ಹಿರಿಯರಿಗೆ ಶರಣು, ಅನಂತರ 'ಉಭಯ ಕುಶಲೋಪರಿ ಸಾಂಪ್ರತ' ಎಂಬ ಒಂದು ಸಾಲು. ಇಲ್ಲಿ ನಾವು ಕ್ಷೇಮ, ಅಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇವೆ, ಇನ್ನು ವಿಷಯಕ್ಕೆ ಬರೋಣ ಎಂಬುದು ಅದರ ಇಂಗಿತ. ಹಾಸನದ ವಿದ್ಯಾರ್ಥಿ ನಿಲಯದಲ್ಲಿ ಜ್ವರದಿಂದ ಮಲಗಿದ್ದಾಗಲೂ ನಾವು ಆ ಸಾಲನ್ನು ಬರೆದದ್ದುಂಟು. ಕೊಟ್ಟಿಗೆಯ ಹಸು ಸತ್ತ ವಾರವೂ ನಮ್ಮ ತಂದೆಯವರು ಅದನ್ನೇ ಬರೆದದ್ದುಂಟು. ಕಾಗದದ ಕಾಲ ಹೋಯಿತು. ಆ ಸಾಲು ಮಾತ್ರ ಹೋಗಿಲ್ಲವೆಂಬುದು ನಮಗೆ ಅರಿವಾದದ್ದು ದೂರದ ಲಂಡನ್ನಿನಲ್ಲಿ, ಗೆಳೆಯರೊಡನೆ ನಕ್ಕು ನಲಿದ ಒಂದು ರಾತ್ರಿ.

2018ರ ಚಳಿಗಾಲ. ಮಗಳ ಬಾಣಂತನಕ್ಕೆಂದು ಹೋದ ನಾವು ದಂಪತಿಗಳು ಅಲ್ಲಿ ಐದು ತಿಂಗಳು ನೆಲೆಸಿದ್ದೆವು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ ಕವಿಯುವ ದಿನಗಳವು. ಕಿಟಕಿಯ ಬಳಿ ಕುಳಿತು ಸಕಲೇಶಪುರದ ಬಿಸಿಲನ್ನು ನೆನೆಯುವುದೇ ನಮಗೆ ಉದ್ಯೋಗವಾಗಿತ್ತು. ಡಿಸೆಂಬರ್ 22ರ ಶನಿವಾರ ಅಳಿಯಂದಿರ ಗೆಳೆಯರು ನಾಲ್ವರು ಬಾಗಿಲಲ್ಲಿ ನಿಂತರು. ಹೆತ್ತೂರು ಕಡೆಯ ವೈದ್ಯ, ಆಲೂರಿನ ಕುಂದೂರು ಹೋಬಳಿಯ ಗಂಡಹೆಂಡಿರು, ಬೆಳಗೋಡಿನ ತೋಟದ ಮನೆಯ ಒಬ್ಬನೇ ಮಗ. "ಮಾವ, ಈವತ್ತು ಮೊಮ್ಮಗನಿಗೆ ನಿಮ್ಮಿಂದ ರಜೆ. ನಮ್ಮ ಜೊತೆ ಬನ್ನಿ," ಎಂದರು. ನಮ್ಮ ಮನೆಯವರು ನಕ್ಕು, ಎರಡು ಮಫ್ಲರು ಸುತ್ತಿ ಕಳುಹಿಸಿದರು.

ಮೊದಲು ಅವರು ನಮ್ಮನ್ನು ಕರೆದೊಯ್ದದ್ದು ಕಾರ್ನ್‌ಹಿಲ್ ಎಂಬ ಬೀದಿಯ ಪಕ್ಕದ ಒಂದು ಕಿರುಗಲ್ಲಿಗೆ. ಶನಿವಾರವಾದ್ದರಿಂದ ಆ ವ್ಯಾಪಾರದ ಪೇಟೆ ನಿರ್ಜನವಾಗಿತ್ತು. ಗೋಡೆಯ ಮೇಲೊಂದು ಫಲಕ. ಲಂಡನ್ನಿನ ಪ್ರಥಮ ಕಾಫಿ ಮನೆ 1652ರಲ್ಲಿ ತೆರೆದದ್ದು ಇಲ್ಲಿಯೇ. ಅದನ್ನು ನಡೆಸಿದವನು ಪಾಸ್ಕ್ವಾ ರೋಸೆ. ಅದರಿಂದ ಎರಡು ಶತಮಾನಗಳ ಬಳಿಕ, 1856ರಲ್ಲಿ, ರಾಬರ್ಟ್ ಎಲಿಯಟ್ ಎಂಬ ತರುಣ ಕಾಫಿ ಬೆಳೆಯಲೆಂದು ನಮ್ಮ ಮಂಜರಾಬಾದ್ ಸೀಮೆಗೆ ಬಂದನು. ಮೈಸೂರು ಸೀಮೆಯ ಕಾಫಿ ಕೃಷಿಯ ಕುರಿತು ಅವನು ಬರೆದ ಗ್ರಂಥ 1894ರಲ್ಲಿ ಪ್ರಕಟವಾಯಿತು. "ಅವರು ಕಾಫಿ ಹುಡುಕಿಕೊಂಡು ನಮ್ಮೂರಿಗೆ ಬಂದರು, ನಾವು ಸಂಬಳ ಹುಡುಕಿಕೊಂಡು ಅವರೂರಿಗೆ ಬಂದೆವು. ಲೆಕ್ಕ ಸರಿಹೋಯಿತು ಮಾವ," ಎಂದ ಬೆಳಗೋಡಿನ ಹುಡುಗ. ಆ ಸ್ಥಳದಲ್ಲಿ ಈಗಿರುವುದು ಮದ್ಯದ ಅಂಗಡಿಯೆಂದು ತಿಳಿದು ಎಲ್ಲರೂ ನಕ್ಕೆವು.

ಅಲ್ಲಿಂದ ಸುರಂಗ ರೈಲಿನಲ್ಲಿ ಯೂಸ್ಟನ್ ನಿಲ್ದಾಣಕ್ಕೆ ಬಂದು, ಸಮೀಪದ ಡ್ರಮಂಡ್ ಬೀದಿಗೆ ನಡೆದೆವು. ಭಾರತೀಯ ಸಸ್ಯಾಹಾರಿ ಭೋಜನಾಲಯಗಳಿಗೆ ಹೆಸರಾದ ಬೀದಿಯದು. ದೋಸೆ ಬರುವ ಮೊದಲೇ ಊರಿನ ಮಾತು ಬಂತು. ಯಾರ ಊರಿನ ಮಳೆ ದೊಡ್ಡದು, ಯಾರ ಊರಿನ ಇಂಬಳಕ್ಕೆ ಹಸಿವು ಹೆಚ್ಚು ಎಂಬ ಸ್ಪರ್ಧೆ ನಡೆಯಿತು. "ನಮ್ಮ ಆಲೂರಿನವರು ಮಳೆ ಬಂದರೆ ಕೊಡೆ ಬಿಚ್ಚುತ್ತೇವೆ, ಹೆತ್ತೂರಿನವರು ಮಳೆ ನಿಂತರೆ ಗಾಬರಿಯಾಗುತ್ತಾರೆ," ಎಂದು ಕುಂದೂರಿನ ಹೆಣ್ಣುಮಗಳು ಹೇಳಿದಾಗ ವೈದ್ಯರಿಗೆ ಉತ್ತರ ಹೊಳೆಯಲಿಲ್ಲ. ಕಳಲೆ ಪಲ್ಯ, ಅಕ್ಕಿ ರೊಟ್ಟಿ, ಕಡುಬುಗಳ ವರ್ಣನೆಯಲ್ಲಿ ಎದುರಿನ ದೋಸೆ ಆರಿಹೋಯಿತು. ಈ ಗದ್ದಲದ ನಡುವೆ ಬೆಳಗೋಡಿನ ಹುಡುಗ ಒಂದು ಮಾತನ್ನು ಮೆಲ್ಲನೆ ಹೇಳಿದ: ಅವನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. "ಊರಿನಲ್ಲಿ ಗೊತ್ತಿಲ್ಲ. ಹೇಳಿ ಅವರ ನಿದ್ದೆ ಕೆಡಿಸುವುದೇಕೆ?" ಎಂದ. ಗೆಳೆಯರು ಅವನ ಎಲೆಗೆ ಇನ್ನೊಂದು ದೋಸೆ ಹಾಕಿಸಿದರು. ಮಾತು ಬೇರೆಡೆ ತಿರುಗಿತು.

ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಬಂದಾಗ ರಾತ್ರಿ ಹನ್ನೊಂದು. ಜಗತ್ಪ್ರಸಿದ್ಧ ಗಡಿಯಾರದ ಗೋಪುರವು ದುರಸ್ತಿಗಾಗಿ ಮರೆಕಟ್ಟಿ ನಿಂತಿತ್ತು. 2017ರ ಆಗಸ್ಟ್‌ನಿಂದ ಅದರ ಗಂಟೆಗೆ ಮೌನ. "ಗಂಟೆ ಬಾರಿಸದಿದ್ದರೇನು, ನಾವು ಬಾರಿಸೋಣ," ಎಂದು ವೈದ್ಯರು ಮಡಿಸಿದ ಕೊಡೆಯೆತ್ತಿ ಕುಂದೂರಿನವರ ಕೊಡೆಗೆ ತಾಡಿಸಿದರು. ಅಷ್ಟೇ ಸಾಕಾಯಿತು. ಥೇಮ್ಸ್ ನದಿಯ ಮೇಲೆ ಕೊಡೆಗಳ ಕೋಲಾಟ ಆರಂಭವಾಯಿತು. ದಾರಿಹೋಕರಿಬ್ಬರು ತಮ್ಮ ಕೊಡೆಗಳೊಡನೆ ಸೇರಿಕೊಂಡರು. ಅರುವತ್ತು ದಾಟಿದ ನಾವೂ ನಾಲ್ಕು ಸುತ್ತು ಹಾಕಿದೆವೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಅಷ್ಟು ನಕ್ಕು ನಮಗೆ ಬಹಳ ವರ್ಷಗಳಾಗಿದ್ದವು.

ಸೇತುವೆ ದಾಟಿ ನದಿಯ ದಡದಲ್ಲಿಯೇ ನಡೆದು ಲ್ಯಾಂಬೆತ್‌ನಲ್ಲಿರುವ ಅಣ್ಣ ಬಸವಣ್ಣನವರ ಪ್ರತಿಮೆಯ ಬಳಿ ಬಂದೆವು. ಅದನ್ನು ಪ್ರಧಾನಮಂತ್ರಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣಗೊಳಿಸಿದರು. ಹೊಳೆಯಾಚೆ ಪಾರ್ಲಿಮೆಂಟ್ ಭವನದ ದೀಪಗಳು. ಈಚೆ ದಡದಲ್ಲಿ ಅಣ್ಣನವರು. ಕೈಮುಗಿದು ನಿಂತಿದ್ದಾಗ ಬೆಳಗೋಡಿನ ಹುಡುಗನ ಜೇಬಿನ ದೂರವಾಣಿ ಸದ್ದು ಮಾಡಿತು. ಅಲ್ಲಿ ಹನ್ನೊಂದೂವರೆಯಾದರೆ ನಮ್ಮಲ್ಲಿ ಬೆಳಗಿನ ಐದು ಗಂಟೆ. ಕರೆದವರು ಅವನ ತಾಯಿ.

"ಏನಿಲ್ಲ ಮಗ, ಎಚ್ಚರ ಆಗಿತ್ತು. ನಿನ್ನ ನೆನಪಾಯ್ತು, ಮಾಡಿದೆ. ಕೆಲಸ ಹೇಗಿದೆ?"

"ಚೆನ್ನಾಗಿದೆ ಅಮ್ಮಾ. ಮನೆಯಲ್ಲೇ ಇದ್ದೀನಿ. ಇನ್ನೇನು ಮಲಗಬೇಕು."

ಅಷ್ಟರಲ್ಲಿ ಆ ಕಡೆಯಿಂದ ಢಂ ಎಂಬ ಶಬ್ದ, ಅದರ ಹಿಂದೆಯೇ ಮತ್ತೊಂದು. ತೋಟದ ಆ ಮನೆಯಲ್ಲಿ ಅಟ್ಟದ ಕಿಟಕಿಯ ಬಳಿ ಮಾತ್ರ ಸಿಗ್ನಲ್ ಸಿಗುವುದಂತೆ. ಹೊರಗಿನ ಶಬ್ದವೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. "ಅದೇನಮ್ಮಾ ಪಟಾಕಿ?" ಎಂದ. ಆ ತಾಯಿ ಒಂದು ಕ್ಷಣ ತಡೆದು, "ಯಾರದೋ ಮದುವೆ ಮಗ," ಎಂದರು.

"ಧನುರ್ಮಾಸದಲ್ಲಿ ಯಾರ ಮದುವೆಯಮ್ಮಾ?"

ಆಕೆಗೆ ಉತ್ತರವಿರಲಿಲ್ಲ. ಅಳು ಕೇಳಿಸಿತು. ಮೂರು ರಾತ್ರಿಗಳಿಂದ ತೋಟದಲ್ಲಿ ಆನೆಗಳ ಹಿಂಡು. ಕೊಯ್ಲಿನ ಕಾಲ, ಕಣದಲ್ಲಿ ಕಾಫಿ ಒಣಗಲು ಹರಡಿದೆ. ಲೈನ್ ಮನೆಯ ಹಿಂದೆಯೇ ಆನೆ ನಿಂತಿದೆಯೆಂದು ಆಳು ಕೂಗಿದ್ದಕ್ಕೆ ತಂದೆಯವರು ಟಾರ್ಚ್ ಹಿಡಿದು ಹೋಗಿ ಒಂದು ಗಂಟೆಯಾಯಿತು. ದೂರವಾಣಿಯನ್ನು ಮನೆಯಲ್ಲಿಯೇ ಬಿಟ್ಟಿದ್ದಾರೆ. ಒಬ್ಬಳೇ ಕುಳಿತಿರಲಾರದೆ ಮಗನನ್ನು ಕರೆದಿದ್ದಾರೆ. ಕರೆದ ಮೇಲೆ ನಿಜ ಹೇಳಲು ಮನಸ್ಸು ಬಂದಿಲ್ಲ.

ಸಕಲೇಶಪುರ, ಆಲೂರು ಸೀಮೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ನಮ್ಮಲ್ಲಿ ಕಾಡು, ಕಾಫಿ ತೋಟ, ಗದ್ದೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಆನೆಗೆ ತೋಟದ ನೆರಳೂ ಒಂದು ಕಾಡೇ. ಬಾಳೆ, ಹಲಸು, ಭತ್ತ, ಕೆರೆಯ ನೀರು ಎಲ್ಲವೂ ಅಲ್ಲಿಯೇ ದೊರೆಯುತ್ತವೆ. ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಆನೆ ಕಾರ್ಯಪಡೆ 2012ರಲ್ಲಿ ವರದಿಯಿತ್ತಿತು. 2014ರಲ್ಲಿ ಆಲೂರು ಸುತ್ತಿನಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಬಿಟ್ಟುಹೋದ ಜಾಗಕ್ಕೆ ಬೇರೆ ಆನೆಗಳು ಬಂದವು. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಕಾಡಾನೆಯೊಡನೆ ಕಾದಾಡಿ ಪ್ರಾಣಬಿಟ್ಟದ್ದು 2023ರ ಡಿಸೆಂಬರ್ 4ರಂದು, ನಮ್ಮ ಯಸಳೂರು ವಲಯದಲ್ಲಿ. ಪಳಗಿದ ಗಜರಾಜನಿಗೇ ಆ ಗತಿಯಾದರೆ, ಟಾರ್ಚ್ ಹಿಡಿದ ಎಪ್ಪತ್ತರ ಮುದುಕನ ಪಾಡೇನು?

ಆ ರಾತ್ರಿ ನದಿಯ ದಡದ ಕಲ್ಲುಬೆಂಚಿನ ಮೇಲೆ ನಾವು ಐದು ಮಂದಿ ಒತ್ತಿಕೊಂಡು ಕುಳಿತೆವು. ಯಾರೂ ಮನೆಗೆ ಹೋಗೋಣವೆನ್ನಲಿಲ್ಲ. ಅರ್ಧ ಗಂಟೆಯ ಹಿಂದೆ ಕೋಲಾಟವಾಡಿದ ಕೊಡೆಗಳು ಕಾಲಬಳಿ ಬಿದ್ದಿದ್ದವು. ಕುಂದೂರಿನ ಹೆಣ್ಣುಮಗಳು ದೂರವಾಣಿ ತೆಗೆದುಕೊಂಡು, "ಅತ್ತೆ, ನಾನು ಕುಂದೂರಿನವಳು. ನಮ್ಮ ತೋಟಕ್ಕೂ ಬರುತ್ತವೆ. ನೀವು ಬಾಗಿಲು ತೆಗೆಯಬೇಡಿ, ಮಾತಾಡುತ್ತಾ ಇರಿ," ಎಂದಳು. ಬಳಿಕ ಮಗನ ಕೈಗೆ ಕೊಟ್ಟಳು. ಅವನು ಬಹಳ ಹೊತ್ತು ಸುಮ್ಮನಿದ್ದ. ಅನಂತರ ಹೇಳಿದ:

"ಅಮ್ಮಾ, ನಾನೂ ನಿನಗೆ ಸುಳ್ಳು ಹೇಳಿದೆ. ನನಗೆ ಎರಡು ತಿಂಗಳಿಂದ ಕೆಲಸ ಇಲ್ಲ."

ನಾವು ಅತ್ತ ತಿರುಗಿ ನೀರನ್ನು ನೋಡುತ್ತ ಕುಳಿತೆವು. ಆ ಕಡೆಯ ಅಳು ನಿಂತಿತು. ತಾಯಿಯ ಸ್ವರ ಬದಲಾಗಿತ್ತು; ಹೆದರಿ ಕುಳಿತಿದ್ದವರು ಈಗ ಸಮಾಧಾನ ಹೇಳುವವರಾಗಿದ್ದರು. "ಅದಕ್ಕೇನಂತೆ ಮಗ. ತಿಂಗಳಿಗೆ ಎಷ್ಟು ಬೇಕು? ಮೆಣಸು ಇನ್ನೂ ಮಾರಿಲ್ಲ," ಎಂದು ಲೆಕ್ಕಕ್ಕೇ ಇಳಿದುಬಿಟ್ಟರು.

ಹನ್ನೆರಡೂವರೆಗೆ, ಅಂದರೆ ಊರಿನ ಆರು ಗಂಟೆಗೆ, ತಂದೆಯವರು ಹಿಂತಿರುಗಿದರು. ಬಾಳೆ ನೆಲಸಮವಾಗಿತ್ತು, ನೀರಿನ ಪೈಪು ಒಡೆದಿತ್ತು. ಮನುಷ್ಯರಿಗೆ ಏನೂ ಆಗಿರಲಿಲ್ಲ. ಮಗನ ಕೆಲಸದ ಸುದ್ದಿಯನ್ನು ತಾಯಿ ಅಲ್ಲಿಯೇ ತಿಳಿಸಿದರು. ಆ ಹಿರಿಯರು ದೂರವಾಣಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಊಟ ಆಯ್ತಾ?" ಮೂರು ದೋಸೆ ತಿಂದಿದ್ದಾನೆಂದು ವೈದ್ಯರು ಪಕ್ಕದಿಂದಲೇ ಕೂಗಿ ಹೇಳಿದರು. ಎರಡು ದೇಶಗಳಲ್ಲೂ ಒಮ್ಮೆಗೇ ನಗು ಕೇಳಿಸಿತು. ಆ ನಗುವು ಸೇತುವೆಯ ಮೇಲಿನ ನಗುವಿಗಿಂತ ಹಗುರವಾಗಿತ್ತು.

ಹುಡುಗನಿಗೆ ಮರುವರ್ಷ ಬೇರೆ ಕೆಲಸ ದೊರೆಯಿತು. ಆನೆಗಳು ಈಗಲೂ ಬರುತ್ತವೆ. ಅಂದಿನಿಂದ ಆ ಮನೆಯಲ್ಲೊಂದು ಕಟ್ಟಳೆ ನಡೆದುಬಂದಿದೆ. ಭಾನುವಾರದ ಕರೆಯಲ್ಲಿ ಮೊದಲು ಆಯಾ ವಾರದ ಕಷ್ಟವನ್ನು ಎರಡೂ ಕಡೆಯವರು ಹೇಳಿಕೊಳ್ಳಬೇಕು. ಕ್ಷೇಮ ಸಮಾಚಾರ ಅನಂತರ.

ಬಂಧುಗಳೇ, ನಮ್ಮ ಬೆಟ್ಟದ ಮನೆಗಳಲ್ಲಿ ಇಂದು ಮಕ್ಕಳು ದೂರದಲ್ಲಿಲ್ಲದ ಮನೆ ವಿರಳ. ಮಕ್ಕಳ ನಿದ್ದೆ ಕೆಡದಿರಲೆಂದು ಹಿರಿಯರು ಮುಚ್ಚಿಡುತ್ತಾರೆ. ಹಿರಿಯರ ನಿದ್ದೆ ಕೆಡದಿರಲೆಂದು ಮಕ್ಕಳು ಮುಚ್ಚಿಡುತ್ತಾರೆ. ಹೀಗೆ ಪ್ರೀತಿಯಿಂದಲೇ ಇಬ್ಬರೂ ಒಂಟಿಯಾಗುತ್ತಾರೆ. ಈ ವಾರ ಮಗನೋ ಮಗಳೋ ಕರೆದಾಗ, 'ಎಲ್ಲ ಚೆನ್ನಾಗಿದೆ' ಎನ್ನುವ ಮೊದಲು ಒಂದು ಕ್ಷಣ ತಡೆಯಿರಿ. ಮಂಡಿ ನೋವಿದ್ದರೆ ಮಂಡಿ ನೋವೆನ್ನಿರಿ. ಆನೆ ಬಂದಿದ್ದರೆ ಆನೆ ಬಂದಿದೆಯೆನ್ನಿರಿ. ಉಭಯ ಕುಶಲದ ಮಾತು ಆಮೇಲೆ ತಾನಾಗಿ ಬರುತ್ತದೆ.