ಮುಸುರೆ ತಿಕ್ಕುವ ಮಷೀನು ಮತ್ತು ಏಳು ವರ್ಷ ತಡವಾದ ತೆರಿಗೆ

ದಾಂಡೇಲಿಯ ನಮ್ಮ ಅಕ್ಕನ ಮನೆಯ ಡಿಶ್‌ವಾಷರ್ 2025ರ ಮಳೆಗಾಲದಲ್ಲಿ ಕೊನೆಯುಸಿರೆಳೆಯಿತು. ಬೆಂಗಳೂರಿನ ಗೆಳೆಯನೊಬ್ಬ ವಿದೇಶಕ್ಕೆ ಹೊರಟಾಗ ಕಡಿಮೆಗೆ ಮಾರಿದ್ದ ಸೆಕೆಂಡ್ ಹ್ಯಾಂಡ್ ಮಷೀನ್ ಅದು. ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬರಲು ಹನ್ನೆರಡು ದಿನ ಹಿಡಿಯಿತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಕಡೆಯ ಕಂಪ್ಲೇಂಟ್ ಒಟ್ಟಾದ ಮೇಲೆ ಒಂದೇ ಟ್ರಿಪ್ ಹೊಡೆಯುತ್ತಾನಂತೆ. ಬಂದವನು ಹಿಂದಿನ ಶೀಟ್ ಬಿಚ್ಚಿ, "ಬೋರ್ಡ್ ಹೋಗೈತಿ ಅಕ್ಕಾರ, ಹೊಸಾದ ತಗೊಳ್ರಿ" ಅಂದ. ಬಿಡಿಭಾಗದ ರೇಟು ಕೇಳಿದರೆ ಹೊಸ ಮಷೀನಿನ ಅರ್ಧದಷ್ಟು.

ನಾನು ಇಂಜಿನಿಯರಿಂಗ್ ಓದಿದವನು ಅನ್ನೋದು ಮನೆಯವರಿಗೆ ನೆನಪಾಗುವುದು ಇಂಥ ಹೊತ್ತಿನಲ್ಲಿ ಮಾತ್ರ. ಪತ್ರಕರ್ತನಾದ ಮೇಲೆ ಬೇರೆ ಯಾವುದಕ್ಕೂ ನನ್ನನ್ನು ಕೇಳುವುದಿಲ್ಲ. "ವೈಫೈ ಗಿಫೈ ಬ್ಯಾಡ, ಭಾಂಡೆ ತೊಳದ್ರ ಸಾಕು" ಎಂಬ ಒಂದೇ ಷರತ್ತಿನ ಮೇಲೆ ಆಯ್ಕೆ ನನ್ನ ಪಾಲಿಗೆ ಬಂತು.

ಅಕ್ಕ ಹೇಳಿದ್ದು ಸರಿಯೇ. ಯಾವ ಡಿಶ್‌ವಾಷರ್ ಬಿಚ್ಚಿದರೂ ಒಳಗೆ ಇರುವುದು ನೀರು ಒಳಬಿಡುವ ವಾಲ್ವ್, ಒಂದು ಹೀಟರ್, ನೀರನ್ನು ಚಿಮ್ಮಿಸುವ ಪಂಪ್, ಕೊಳಕು ನೀರು ಹೊರಹಾಕುವ ಇನ್ನೊಂದು ಪಂಪ್. ಉಳಿದದ್ದೆಲ್ಲ ಶೃಂಗಾರ. ನಮ್ಮ ಊರಿನಲ್ಲಿ ಶೋರೂಮಿನವರು ಹೇಳದ ಒಂದು ಸಂಗತಿಯನ್ನು ಮಾತ್ರ ನೋಡಿಕೊಳ್ಳಬೇಕು: ನೀರಿನ ಒತ್ತಡ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಅಕ್ಕನ ಮನೆಯ ಟ್ಯಾಂಕು ಅಡುಗೆಮನೆಯ ನಲ್ಲಿಗಿಂತ ಮೂರು ಮೀಟರ್ ಮೇಲಿದೆ, ಅಂದರೆ ಹೆಚ್ಚೆಂದರೆ 0.3 ಬಾರ್. ಅಷ್ಟಕ್ಕೇ ಓಡುವ ಮಾಡೆಲ್ ಹುಡುಕಿದೆ. ಅದು ಸಿಕ್ಕಿದ್ದು ಅಗ್ಗದ್ದರಲ್ಲೇ.

ಕೊಂಡದ್ದು ಸೆಪ್ಟೆಂಬರ್ 22ರ ನಂತರ. ಅವತ್ತಿನಿಂದ ಡಿಶ್‌ವಾಷರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 20,000 ರೂಪಾಯಿಯ ಮಷೀನ್ ಅಂದುಕೊಳ್ಳಿ: ಮೊದಲು 25,600, ಈಗ 23,600. ಉಳಿತಾಯ ಸರಿಯಾಗಿ ಎರಡು ಸಾವಿರ, ಗೃಹಲಕ್ಷ್ಮಿಯ ಒಂದು ಕಂತು. 'ಉಳಿತಾಯದ ಉತ್ಸವ' ಅಂತ ಕೇಂದ್ರ ಸರ್ಕಾರ ಸಂಭ್ರಮಿಸಿದ್ದು ಇದನ್ನೇ.

ನನ್ನ ತಕರಾರು ಇಳಿಸಿದ್ದರ ಬಗ್ಗೆ ಅಲ್ಲ, ಇಷ್ಟು ವರ್ಷ ಇಳಿಸದೇ ಇದ್ದದ್ದರ ಬಗ್ಗೆ. 2018ರ ಜುಲೈನಲ್ಲೇ ವಾಷಿಂಗ್ ಮಷೀನ್, ಫ್ರಿಡ್ಜ್, ಮಿಕ್ಸರ್, ವ್ಯಾಕ್ಯೂಮ್ ಕ್ಲೀನರ್ ಎಲ್ಲವೂ 28ರಿಂದ 18ಕ್ಕೆ ಬಂದಿದ್ದವು. ಡಿಶ್‌ವಾಷರ್ ಮಾತ್ರ ಎಸಿಯ ಜೊತೆ ಐಷಾರಾಮಿ ಪಟ್ಟಿಯಲ್ಲೇ ಉಳಿಯಿತು, ಮತ್ತೂ ಏಳು ವರ್ಷ. ಬಟ್ಟೆ ಒಗೆಯುವ ಮಷೀನು ಅಗತ್ಯ, ಪಾತ್ರೆ ತೊಳೆಯುವ ಮಷೀನು ಷೋಕಿ! ಈ ವ್ಯತ್ಯಾಸಕ್ಕೆ ತಾಂತ್ರಿಕ ಕಾರಣ ಹುಡುಕಿದೆ, ಸಿಗಲಿಲ್ಲ. ಮುಸುರೆ ಹೇಗಿದ್ದರೂ ಯಾರೋ ತಿಕ್ಕುತ್ತಾರೆ ಎಂಬ ಧೈರ್ಯ ಇದ್ದವರು ಮಾಡಿದ ಪಟ್ಟಿ ಅದು ಅಂತ ನನ್ನ ಅನುಮಾನ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಕೊಡುವ ಸಮಯ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ.

ಹಾಗಂತ ಮಷೀನ್ ಬಂದರೆ ಎಲ್ಲ ಸರಿಹೋಯಿತಾ? ಅಕ್ಕನ ಮನೆಯಲ್ಲಿ ಒಂದು ತಮಾಷೆ ಆಗಿದೆ. ಜೀವಮಾನದಲ್ಲಿ ಒಂದು ತಾಟು ತಿಕ್ಕದ ಭಾವ ಈಗ ರಾತ್ರಿ ಮಷೀನಿಗೆ ಪಾತ್ರೆ ಜೋಡಿಸುತ್ತಾರೆ, ಅದೂ ಮಿಲ್ಲಿನ ಶಿಫ್ಟ್ ಚಾರ್ಜ್ ತಗೊಂಡವರ ಗತ್ತಿನಲ್ಲಿ. ಬೇರೆಯವರು ಜೋಡಿಸಿದರೆ ತೆಗೆದು ಮತ್ತೆ ಜೋಡಿಸುತ್ತಾರೆ. ಸಿಂಕಿನ ಮುಂದೆ ನಿಲ್ಲುವುದು ಹೆಂಗಸರ ಕೆಲಸ, ಬಟನ್ ಒತ್ತುವುದು ಗಂಡಸರದ್ದು. ಇರಲಿ, ಹೇಗಾದರೂ ಮಾಡಿದರಲ್ಲ.

ಇನ್ನೊಂದು ಸಂಗತಿ ತಮಾಷೆಯದಲ್ಲ. ಆ ಮನೆಗೆ ಕೆಲಸಕ್ಕೆ ಬರುವ ಮಾವಶಿಗೆ ಹಳೆಯ ಮಷೀನ್ ಕೆಟ್ಟಾಗ ಪಾತ್ರೆಗೆಂದು ತಿಂಗಳಿಗೆ ಐನೂರು ಹೆಚ್ಚು ಕೊಡುತ್ತಿದ್ದರು. ಹೊಸದು ಬಂದ ಮೇಲೆ ಅದು ನಿಂತಿತು. "ನಿಮ್ಮ ಮಷೀನ್ ಬಂತು ತಮ್ಮಾ, ನನ್ನ ಐದನೂರು ಹೋತು" ಅಂದರು, ಸಿಟ್ಟಿಲ್ಲದೆ. ಹೋದದ್ದು ಪೂರ್ತಿ ಕೆಲಸವೂ ಅಲ್ಲ. ರೊಟ್ಟಿಯ ಕಬ್ಬಿಣದ ಹಂಚು ಮಷೀನಿನಲ್ಲಿ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಪಾತ್ರೆ ಕಪ್ಪಾಗುತ್ತದೆ, ತಳ ಹಿಡಿದ ಕುಕ್ಕರು ಒಳಗೆ ಹೋದ ಹಾಗೇ ಹೊರಗೆ ಬರುತ್ತದೆ. ಕಷ್ಟದ ಪಾತ್ರೆಗಳೆಲ್ಲ ಈಗಲೂ ಮಾವಶಿಯದೇ.

ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿತ್ತು, ಅಕ್ಕನ ಬೀದಿಯಲ್ಲಿ ಅದನ್ನು ಕೇಳಿದವರೇ ಇಲ್ಲ. 2025ರಲ್ಲಿ ಮನೆಗೆಲಸದ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಮಸೂದೆಯ ಕರಡು ಬಂತು. ಮಾಲೀಕರು ಸಂಬಳದ ಶೇ. 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು ಎಂಬುದು ಅದರ ತಿರುಳು. ಮಾವಶಿಗೆ ಮೂರು ಮನೆ, ಮೂರೂ ಕಡೆ ಬಾಯಿಮಾತಿನ ಸಂಬಳ. ಶೇ. 5 ಯಾವುದರ ಮೇಲೆ ಲೆಕ್ಕ ಹಾಕುವುದು?

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಕರೆಂಟ್ ಬಿಲ್ಲು. ಒಂದು ಸಲ ಓಡಿದರೆ ಡಿಶ್‌ವಾಷರ್ ಸುಮಾರು ಒಂದು ಯೂನಿಟ್ ತಿನ್ನುತ್ತದೆ, ಅದರಲ್ಲಿ ಹೆಚ್ಚಿನ ಪಾಲು ನೀರು ಕಾಯಿಸುವುದಕ್ಕೆ. ತಿಂಗಳಿಗೆ ಮೂವತ್ತು. ಆದರೆ ಅಕ್ಕನಿಗೆ ಒಂದು ರೂಪಾಯಿಯೂ ಬಿಲ್ ಬರುವುದಿಲ್ಲ. ಯಾಕೆ? ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ನಾವು ಮಾತಾಡುತ್ತೇವೆ. ನಿಯಮ ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ. 10, ಅಷ್ಟು ಉಚಿತ. 200 ಎನ್ನುವುದು ಮೇಲಿನ ಮಿತಿ. ಆ ವರ್ಷ ಅಕ್ಕನ ಮನೆಯ ಸರಾಸರಿ 150, ಹಳೆಯ ಡಿಶ್‌ವಾಷರನ್ನೂ ಸೇರಿಸಿ. ಹಾಗಾಗಿ 165 ಯೂನಿಟ್ ಫ್ರೀ.

ಮಾವಶಿಯ ಮನೆಯ ಸರಾಸರಿ 40. ನಲವತ್ತೆಂಟಕ್ಕಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು ಹತ್ತು ಯೂನಿಟ್ ಅಂತ 2024ರಲ್ಲಿ ತಿದ್ದುಪಡಿ ಆಯಿತು, ಆದ್ದರಿಂದ 50. ಅವರಿಗೆ ಡಿಶ್‌ವಾಷರ್ ಬೇಕಾಗಿಲ್ಲ, ಹಳೆಯದೊಂದು ಸಣ್ಣ ಫ್ರಿಡ್ಜ್ ಬೇಕಾಗಿತ್ತು. ಅದು ತಿಂಗಳಿಗೆ ಇಪ್ಪತ್ತು ಯೂನಿಟ್ ಎಳೆದರೂ ಹತ್ತು ಯೂನಿಟ್ ದುಡ್ಡು ಕಟ್ಟಬೇಕು. ಅರವತ್ತು ರೂಪಾಯಿ ಆಸುಪಾಸು, ದೊಡ್ಡ ಮೊತ್ತವಲ್ಲ ಅಂತೀರಿ. ಆದರೆ ಅದೇ ಬೀದಿಯಲ್ಲಿ ಮೂರು ಪಟ್ಟು ಕರೆಂಟ್ ಉರಿಸುವ ಮನೆಗೆ ಸೊನ್ನೆ ಬಿಲ್ಲು ಬರುವಾಗ ಇವರು ಕಟ್ಟಬೇಕು. 2022-23ರಲ್ಲಿ ಯಾರ ಮನೆಯಲ್ಲಿ ಮಷೀನುಗಳಿದ್ದವೋ ಅವರ ಮಷೀನುಗಳಿಗೆ ಕರೆಂಟ್ ಪುಕ್ಕಟೆ, ಆಮೇಲೆ ಮೊದಲ ಸಲ ಕೊಂಡವರಿಗೆ ಬಿಲ್ಲು. ಗ್ಯಾರಂಟಿಗಳನ್ನು ಬಿಟ್ಟಿ ಭಾಗ್ಯ ಅಂತ ಹಳಿಯುವವರ ಜೊತೆ ನಾನಿಲ್ಲ. ಈ ಯೋಜನೆ ಬೇಕು ಅನ್ನುವವನಾಗಿಯೇ ಹೇಳುತ್ತಿದ್ದೇನೆ: ಬಡ ಮನೆಯ ಬಳಕೆಯನ್ನು ಹಳೆಯ ವರ್ಷವೊಂದಕ್ಕೆ ಕಟ್ಟಿಹಾಕುವ ಬದಲು ಎಲ್ಲರಿಗೂ ಒಂದೇ ಮಿತಿ, ನೂರು ಯೂನಿಟ್ ಅಂತಾದರೂ, ಇಟ್ಟಿದ್ದರೆ ನ್ಯಾಯವಾಗಿರುತ್ತಿತ್ತು.

ಮಾವಶಿಯ ತವರು ಹಳೆಯ ಸೂಪಾ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿತು, ಮನೆಯವರು ರಾಮನಗರಕ್ಕೆ ಬಂದರು. ಆ ನೀರಿನಿಂದ ಹುಟ್ಟುವ ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತದೆ. ಅವರ ಪಾಲಿನ 50 ಯೂನಿಟ್ಟಿನ ಲೆಕ್ಕ ನಾನು ವಿವರಿಸಿದಾಗ "ಫ್ರಿಡ್ಜ್ ರಾತ್ರಿ ಬಂದ್ ಮಾಡಿ ಇಟ್ರ ನಡೀತದ ಏನ್?" ಅಂತ ಕೇಳಿದರು.

ಐನೂರು ರೂಪಾಯಿ ವಿಷಯ ಅಕ್ಕನ ಹತ್ತಿರ ಎರಡು ಸಲ ಎತ್ತಿದೆ. ಟ್ಯಾಕ್ಸ್ ಇಳಿದು ಎರಡು ಸಾವಿರ ಉಳೀತಲ್ಲ, ನಾಲ್ಕು ತಿಂಗಳದ್ದಾಯ್ತು ಅಂದೆ. "ಅಷ್ಟು ಕಳಕಳಿ ಇದ್ರ ನೀನ ಕೊಡು" ಅಂದಳು. ಈ ತಿಂಗಳು ನಾನೇ ಕೊಟ್ಟಿದ್ದೇನೆ. ಮುಂದಿನ ತಿಂಗಳ ಬಗ್ಗೆ ಇನ್ನೂ ಜಗಳ ನಡೆದಿದೆ.