ತಾರೆಗೂ ಅದೇ ಕುರ್ಚಿ, ಅದೇ ಐದು ಡಾಲರ್

ಸಿನಿಮಾ ತಾರೆಯರನ್ನು ಟಿವಿಗೆ ಕರೆದಾಗ ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ನಮ್ಮ ವಾಹಿನಿಗಳು ಅಮೆರಿಕದ ಒಂದು ಹಳೆಯ ಕಾರ್ಯಕ್ರಮ ನೋಡಿ ಕಲಿಯಬೇಕು. ‘ವಾಟ್ಸ್ ಮೈ ಲೈನ್?’ ಸಿಬಿಎಸ್‌ನಲ್ಲಿ 1950ರಿಂದ 1967ರವರೆಗೆ ಭಾನುವಾರ ರಾತ್ರಿಗಳಲ್ಲಿ, ಬಹುಪಾಲು ನೇರ ಪ್ರಸಾರವಾಗಿ ಬರುತ್ತಿತ್ತು. ಉಳಿದಿರುವ ಕಂತುಗಳು ಈಗ ಯೂಟ್ಯೂಬ್‌ನಲ್ಲಿವೆ. ರೇಡಿಯೊ ನಾಟಕಗಳಿಗೆ ದನಿ ಕೊಡುತ್ತ ಬಂದ ನಾನು ಅವನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು.

ಅತಿಥಿ ಬಂದು ಹಲಗೆಯ ಮೇಲೆ ಹೆಸರು ಬರೆದು ಕೂರುತ್ತಾರೆ. ಅವರ ಕಸುಬೇನೆಂದು ನಾಲ್ವರು ಪ್ಯಾನೆಲಿಸ್ಟ್‌ಗಳು ‘ಹೌದು’, ‘ಅಲ್ಲ’ ಎಂಬ ಉತ್ತರಗಳಿಂದಲೇ ಪತ್ತೆ ಹಚ್ಚಬೇಕು. ಒಂದೊಂದು ‘ಅಲ್ಲ’ಕ್ಕೂ ಅತಿಥಿಗೆ ಐದು ಡಾಲರ್, ಹತ್ತಾದರೆ ಆಟ ಮುಗಿಯಿತು. ಒಂದು ಸುತ್ತು ಮಾತ್ರ ಎಲ್ಲರಿಗೂ ಗೊತ್ತಿರುವ ಮುಖಕ್ಕೆ ಮೀಸಲು. ಆಗ ನಾಲ್ವರ ಕಣ್ಣಿಗೂ ಪಟ್ಟಿ. ತಾರೆ ಸಹಿ ಹಾಕುತ್ತಿದ್ದಂತೆ ಸಭಾಂಗಣದಲ್ಲಿ ಏಳುವ ಚಪ್ಪಾಳೆಯೇ ಅವರಿಗೆ ಮೊದಲ ಸುಳಿವು.

1954ರಲ್ಲಿ ಎಲಿಜಬೆತ್ ಟೇಲರ್ ಬಂದಾಗ ಚಿಕ್ಕ ಹುಡುಗಿಯ ಹಾಗೆ ದನಿ ಕೀರಲು ಮಾಡಿಕೊಂಡು ಉತ್ತರಿಸಿದರು. ನನ್ನ ಕಸುಬಿನವರಿಗೆ ಇದರ ಕಷ್ಟ ಗೊತ್ತು. ದನಿಯನ್ನು ಮೇಲೇರಿಸುವುದು ಸುಲಭ, ಅಲ್ಲಿಯೇ ಹಿಡಿದು ನಿಲ್ಲಿಸುವುದು ಕಷ್ಟ. ನಗು ಬಂತೋ, ನಿಜವಾದ ದನಿ ಹೊರಬಿತ್ತು. ರೂಪಕ್ಕೆ ಜಗತ್ತೇ ಮಣಿದಿದ್ದ ನಟಿ ಅಲ್ಲಿ ಆ ರೂಪವನ್ನು ಬದಿಗಿಟ್ಟು, ಬರೀ ಗಂಟಲಿನಿಂದ ಆಡಬೇಕಿತ್ತು. ಅವರಿಗೂ ಅದೇ ಹಲಗೆ, ಅದೇ ಸೀಮೆಸುಣ್ಣ. ಅದೇ ಅರ್ಧ ಗಂಟೆಯಲ್ಲಿ ಯಾವುದೋ ಸಾಮಾನ್ಯ ಕಸುಬಿನವರು ಕೂತೆದ್ದ ಕುರ್ಚಿ. ‘ಅಲ್ಲ’ ಎಂದರೆ ಇವರಿಗೂ ಅದೇ ಐದು ಡಾಲರ್. ಈ ಸಮಾನತೆಯೇ ನನ್ನನ್ನು ಮತ್ತೆ ಮತ್ತೆ ಆ ಕಂತುಗಳತ್ತ ಎಳೆಯುತ್ತದೆ.

ಪ್ರಚಾರ ಅಲ್ಲೂ ಇತ್ತು. ಹೊಸ ಚಿತ್ರ ಬಿಡುಗಡೆಗೆ ಇದ್ದಾಗ ಬಂದವರೇ ಅನೇಕರು. ಆಟ ಮುಗಿದ ಮೇಲೆ ನಿರೂಪಕ ಜಾನ್ ಡೇಲಿ ಚಿತ್ರದ ವಿಷಯ ಎತ್ತಿ ಎರಡು ಮಾತಾಡಿ, ಅತಿಥಿಯನ್ನು ಕೈಕುಲುಕಿ ಬೀಳ್ಕೊಡುತ್ತಿದ್ದರು. ನಮ್ಮಲ್ಲಿ ಹೊಗೆ, ಡೋಲು, ಜೈಕಾರಗಳ ನಡುವೆ ತಾರೆ ವೇದಿಕೆಗೆ ಬರುವಷ್ಟರಲ್ಲೇ ಅಷ್ಟು ಹೊತ್ತು ಕಳೆದಿರುತ್ತದೆ. ಆಮೇಲೂ ಹೊಗಳಿಕೆಯೇ. ಹೀಗೆ ಮಾಡಿದರೆ ಕಲಾವಿದರ ಚುರುಕುತನ ಕಾಣುವುದು ಯಾವಾಗ?

ಇನ್ನು ಆಟ ನಡೆಸುವವರು, ಪ್ರಶ್ನೆ ಕೇಳುವವರು. ಡೇಲಿ ಸ್ವತಃ ಸುದ್ದಿಗಾರ. ಪರ್ಲ್ ಹಾರ್ಬರ್ ದಾಳಿಯ ಸುದ್ದಿಯನ್ನು 1941ರಲ್ಲಿ ರೇಡಿಯೊದಲ್ಲಿ ಓದಿದವರು. ಪ್ಯಾನೆಲಿನಲ್ಲಿದ್ದ ಬೆನೆಟ್ ಸರ್ಫ್ ರ‍್ಯಾಂಡಮ್ ಹೌಸ್ ಪ್ರಕಾಶನ ಕಟ್ಟಿದವರಲ್ಲೊಬ್ಬರು. ಡೊರೊತಿ ಕಿಲ್‌ಗಾಲನ್ ಬ್ರಾಡ್‌ವೇ ಬಗ್ಗೆ ಅಂಕಣ ಬರೆಯುತ್ತಿದ್ದ ಪತ್ರಕರ್ತೆ. ಆರ್ಲೀನ್ ಫ್ರಾನ್ಸಿಸ್ ನಟಿ. ಈ ವಾರ ನ್ಯೂಯಾರ್ಕಿಗೆ ಯಾರು ಬಂದಿದ್ದಾರೆ, ಯಾರ ನಾಟಕ ನಡೆಯುತ್ತಿದೆ ಎಂಬುದೆಲ್ಲ ಅವರ ತಲೆಯಲ್ಲಿರುತ್ತಿತ್ತು. ಹಾಗಾಗಿ ನಾಲ್ಕೈದು ಪ್ರಶ್ನೆಗಳಲ್ಲೇ ಹೆಸರಿನ ಹತ್ತಿರ ಬಂದುಬಿಡುತ್ತಿದ್ದರು.

ಮೊದಲ ಮಾತಿಗೇ ಗುರುತು ಹತ್ತುವ ದನಿಯ ನಟ ನಟಿಯರು ಕನ್ನಡದಲ್ಲಿ ಬೇಕಾದಷ್ಟಿದ್ದಾರೆ. ದಿನಾ ಪತ್ರಿಕೆ ಓದುವ, ನಾಟಕ ಸಿನಿಮಾ ಎರಡನ್ನೂ ನೋಡುವ, ಗೌರವ ಬಿಡದೆ ಕೆಣಕಬಲ್ಲ ನಾಲ್ವರನ್ನು ಯಾವುದಾದರೂ ವಾಹಿನಿ ಹುಡುಕಿ ಕೂರಿಸಲಿ. ಸೆಟ್ಟಿಗೆ ಒಂದು ಮೇಜು, ಒಂದು ಹಲಗೆ ಸಾಕು.